ಫ್ಲೈಟ್ ಸಿಮ್ಯುಲೇಟರ್‌ಗೆ ಕಂಪ್ಯೂಟರ್ ಕಟ್ಟುವಾಗ ಯಾವ ಭಾಗಕ್ಕೆ ಎಷ್ಟು ಹಣ ಹಾಕಬೇಕು?

ಶೂಟಿಂಗ್ ಗೇಮ್‌ಗಳನ್ನು 140 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) ಸಲೀಸಾಗಿ ಓಡಿಸುವ ಕಂಪ್ಯೂಟರ್ ಕೂಡ ದೊಡ್ಡ ವಿಮಾನ ನಿಲ್ದಾಣದ ಗೇಟ್‌ನಲ್ಲಿ ನಿಂತ ಏರ್‌ಬಸ್ಸಿನ ಕಾಕ್‌ಪಿಟ್‌ಗೆ ಹೋದೊಡನೆ 28ಕ್ಕೆ ಇಳಿದುಬಿಡಬಹುದು. ಆಗ ಹೆಚ್ಚಿನವರು ಇನ್ನೂ ದುಬಾರಿಯ ಗ್ರಾಫಿಕ್ಸ್ ಕಾರ್ಡ್ ತಂದು ಹಾಕುತ್ತಾರೆ. ಹಾಕಿದ ಮೇಲೂ ಆ 28 ಅಲುಗುವುದಿಲ್ಲ. ಕೊರತೆ ಇದ್ದದ್ದು ಕಾರ್ಡಿನಲ್ಲಲ್ಲ, ಪ್ರೊಸೆಸರ್‌ನಲ್ಲಿ.

ಸಿಮ್ಯುಲೇಟರ್ ಒಂದು ಫ್ರೇಮ್ ತಯಾರಿಸುವ ಮುಂಚೆ ರೆಕ್ಕೆಯ ಮೇಲಿನ ಗಾಳಿಯ ಬಲ, ಎಂಜಿನ್, ಹೈಡ್ರಾಲಿಕ್ಸ್, ಆಟೋಪೈಲಟ್, ಕಾಕ್‌ಪಿಟ್ಟಿನ ನಾಲ್ಕಾರು ಪರದೆಗಳು, ಸುತ್ತಲಿನ ವಿಮಾನಗಳು, ಕಣ್ಣಿಗೆ ಬೀಳುವ ನೆಲ, ಕಟ್ಟಡ ಎಲ್ಲದರ ಲೆಕ್ಕ ಮುಗಿಸಬೇಕು. ಇದರಲ್ಲಿ ದೊಡ್ಡ ಪಾಲು ಒಂದರ ಫಲಿತಾಂಶಕ್ಕೆ ಇನ್ನೊಂದು ಕಾಯುವಂಥ ಕೆಲಸ. ಹಾಗಾಗಿ ಅದನ್ನು ಪ್ರೊಸೆಸರ್ ಒಳಗಿನ ಎಂಟು ಕೋರ್‌ಗಳಿಗೆ (ಲೆಕ್ಕ ಮಾಡುವ ಘಟಕಗಳಿಗೆ) ಸಮನಾಗಿ ಹಂಚಲು ಆಗುವುದಿಲ್ಲ. ಮೇನ್ ಥ್ರೆಡ್ ಎನ್ನುವ ಒಂದೇ ಸಾಲಿನಲ್ಲಿ, ಒಂದೇ ಕೋರ್‌ನ ಹೆಗಲ ಮೇಲೆ ಅದು ಸಾಗುತ್ತದೆ. 60 ಎಫ್‌ಪಿಎಸ್ ಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್, 30 ಸಾಕೆಂದರೆ 33.3. ಮೇನ್ ಥ್ರೆಡ್ಡೇ 35 ಮಿಲಿಸೆಕೆಂಡ್ ತಿಂದರೆ ಜಗತ್ತಿನ ಯಾವ ಗ್ರಾಫಿಕ್ಸ್ ಕಾರ್ಡೂ ಕೈಕಟ್ಟಿ ಕಾಯಲೇಬೇಕು.

ಕಂಪ್ಯೂಟರಿನ ಬಳಕೆ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಇಲ್ಲಿ ದಾರಿ ತಪ್ಪಿಸುತ್ತದೆ. 16 ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಬಳಕೆಯಲ್ಲಿ ಅದರ ಪಾಲು ಶೇ. 6ರ ಆಸುಪಾಸು. ‘ಸಿಪಿಯು (ಪ್ರೊಸೆಸರ್) ಬರೀ ಶೇ. 30 ಬಳಕೆಯಾಗುತ್ತಿದೆ, ಅದರಲ್ಲೇನೂ ತೊಂದರೆ ಇಲ್ಲ’ ಎಂದುಕೊಳ್ಳುವುದು ಈ ಕಾರಣಕ್ಕೆ ತಪ್ಪು.

ಹಂತ 1: ಏನನ್ನು, ಎಲ್ಲಿ ಹಾರಿಸುತ್ತೀರಿ ಎಂದು ಬರೆದುಕೊಳ್ಳಿ

ಸಿಮ್ಯುಲೇಟರ್ ಹೆಸರೊಂದೇ ಸಾಲದು, ವಿಮಾನದ ಹೆಸರೂ ಬೇಕು. ಹಳ್ಳಿಗಾಡಿನ ಮೇಲೆ ಒಂಟಿ ಎಂಜಿನ್ನಿನ ಸೆಸ್ನಾ ಹಾರಿಸುವವರಿಗೂ, ಮಹಾನಗರದ ವಿಮಾನ ನಿಲ್ದಾಣಕ್ಕೆ ಆಡ್‌ಆನ್ (ಬೇರೆಯಾಗಿ ಸೇರಿಸಿಕೊಳ್ಳುವ) ಜೆಟ್ ಇಳಿಸುವವರಿಗೂ ಬೇಕಾದ ಪ್ರೊಸೆಸರ್ ಒಂದೇ ಅಲ್ಲ. ಎರಡನೆಯವರು ಅಷ್ಟೇ ಎಫ್‌ಪಿಎಸ್ ಪಡೆಯಲು ಬಹಳ ಹೆಚ್ಚು ಖರ್ಚು ಮಾಡಬೇಕಾಗುತ್ತದೆ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಕನಿಷ್ಠ ಕೇಳುವುದು ಎಎಂಡಿಯ ರೈಝನ್ 5 2600ಎಕ್ಸ್ ಅಥವಾ ಇಂಟೆಲ್‌ನ ಕೋರ್ ಐ7-6800ಕೆ ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿ ವಿಡಿಯೊ ಮೆಮೊರಿ (ಗ್ರಾಫಿಕ್ಸ್ ಕಾರ್ಡಿನದೇ ಮೆಮೊರಿ). ಶಿಫಾರಸು ಮಟ್ಟದಲ್ಲಿ 32 ಜಿಬಿ ರ್‍ಯಾಮ್, 8 ಜಿಬಿ ವಿಡಿಯೊ ಮೆಮೊರಿ. ಆದರ್ಶ ಎಂದು ಅವರೇ ಕರೆಯುವ ಮಟ್ಟದಲ್ಲಿ ರೈಝನ್ 9 7900ಎಕ್ಸ್ ಅಥವಾ ಐ7-14700ಕೆ, ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡ್, 64 ಜಿಬಿ ರ್‍ಯಾಮ್. ಕನಿಷ್ಠ ಎಂದರೆ ಗೇಮ್ ತೆರೆದುಕೊಳ್ಳುತ್ತದೆ ಎಂದಷ್ಟೇ ಅರ್ಥ; ಶಿಫಾರಸು ಮಟ್ಟವನ್ನೇ ನಿಮ್ಮ ಕನಿಷ್ಠ ಎಂದಿಟ್ಟುಕೊಳ್ಳಿ.

ಎಕ್ಸ್-ಪ್ಲೇನ್ 12 ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರದೊಂದು ವಿಶೇಷವಿದೆ: ಎಫ್‌ಪಿಎಸ್ ಸುಮಾರು 20ಕ್ಕಿಂತ ಕೆಳಗಿಳಿದರೆ ಹಾರಾಟದ ಲೆಕ್ಕ ಕೆಡದಿರಲೆಂದು ಅದು ಸಿಮ್ಯುಲೇಟರ್ ಒಳಗಿನ ಕಾಲವನ್ನೇ ನಿಧಾನಿಸುತ್ತದೆ. ಆನ್‌ಲೈನ್ ಟ್ರಾಫಿಕ್ ಕಂಟ್ರೋಲ್ ಜೊತೆ ಹಾರುವಾಗ ನಿಮ್ಮ ಗಡಿಯಾರ ಹಿಂದೆ ಬಿದ್ದರೆ ಉಳಿದವರಿಗೂ ತೊಂದರೆ. ಯುದ್ಧವಿಮಾನಗಳ ಡಿಸಿಎಸ್ ವರ್ಲ್ಡ್ ರ್‍ಯಾಮ್ ವಿಷಯದಲ್ಲಿ ಹೊಟ್ಟೆಬಾಕ. ಮಲ್ಟಿಪ್ಲೇಯರ್‌ಗೆ 32 ಜಿಬಿ ಇಲ್ಲದೆ ಕೂರಬೇಡಿ. ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್ ಹಳೆಯ ಕಂಪ್ಯೂಟರ್ ಇರುವವರಿಗೆ ಒಳ್ಳೆಯ ಆರಂಭ.

ಹಂತ 2: ಕೊಳ್ಳುವ ಮುನ್ನ ಈಗಿರುವ ಕಂಪ್ಯೂಟರನ್ನು ಪರೀಕ್ಷಿಸಿ

ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ದುಡ್ಡು ಎಲ್ಲಿ ಹಾಕಬೇಕೆಂದು ಇದಕ್ಕಿಂತ ಚೆನ್ನಾಗಿ ಬೇರಾವುದೂ ಹೇಳುವುದಿಲ್ಲ.

ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಆಯ್ಕೆ), ಫ್ರೇಮ್ ಮಿತಿ, ಫ್ರೇಮ್ ಜನರೇಶನ್ (ನಡುನಡುವೆ ಕಾರ್ಡೇ ಫ್ರೇಮ್ ಸೇರಿಸುವ ಆಯ್ಕೆ) ಮೂರನ್ನೂ ಆಫ್ ಮಾಡಿ. ನೀವು ಹಾರಿಸುವ ಅತಿ ಭಾರದ ವಿಮಾನವನ್ನು ನೀವು ಹೋಗುವ ಅತಿ ದೊಡ್ಡ ನಿಲ್ದಾಣದ ಗೇಟ್‌ನಲ್ಲಿ ನಿಲ್ಲಿಸಿ, ಕಾಕ್‌ಪಿಟ್ಟಿನೊಳಗಿಂದ ನೋಡಿ. ಲೋಡಿಂಗ್ ಗಲಾಟೆ ತಣ್ಣಗಾಗಲು ಎರಡು ನಿಮಿಷ ಬಿಟ್ಟು ಎಫ್‌ಪಿಎಸ್ ಬರೆದುಕೊಳ್ಳಿ. ಈಗ ರೆಂಡರ್ ಸ್ಕೇಲಿಂಗ್ (ಚಿತ್ರ ಬರೆಯುವ ಪಿಕ್ಸೆಲ್‌ಗಳ ಪ್ರಮಾಣ) 100ರಿಂದ 50ಕ್ಕೆ ಇಳಿಸಿ. ಚಿತ್ರ ಮಸುಕಾಗುತ್ತದೆ, ಆಗಲಿ. ಎಫ್‌ಪಿಎಸ್ 28ರಿಂದ 29ಕ್ಕೆ ಏರಿತಷ್ಟೇ ಎಂದಾದರೆ ಕಟ್ಟಿಹಾಕಿರುವುದು ಪ್ರೊಸೆಸರ್. 28 ಹೋಗಿ 45 ಆಯಿತೆಂದರೆ ಕಾರ್ಡ್.

ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಇದನ್ನು ನೇರವಾಗಿಯೇ ಓದಬಹುದು. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಮೇಲೆ ಬರುವ ಮೆನುವಿನಲ್ಲಿ ಎಫ್‌ಪಿಎಸ್ ತೋರಿಸುವ ಆಯ್ಕೆ ಒತ್ತಿ. ಮೂಲೆಯ ಚೌಕದಲ್ಲಿ ‘ಲಿಮಿಟೆಡ್ ಬೈ ಮೇನ್‌ಥ್ರೆಡ್’ ಅಥವಾ ‘ಲಿಮಿಟೆಡ್ ಬೈ ಜಿಪಿಯು’ (ಗ್ರಾಫಿಕ್ಸ್ ಕಾರ್ಡ್) ಎಂದು ಬರುತ್ತದೆ. ಗೇಟ್‌ನಲ್ಲಿ ಒಂದು, ಮೋಡಗಳ ನಡುವೆ ಇನ್ನೊಂದು ಬಂದರೆ ಗಾಬರಿ ಬೇಡ. ಮೋಡ ಕಾರ್ಡಿನ ಕೆಲಸ, ನಿಲ್ದಾಣ ಪ್ರೊಸೆಸರ್ ಕೆಲಸ. ಲ್ಯಾಂಡಿಂಗ್ ಹೊತ್ತಿನಲ್ಲಿ ಯಾವುದು ಬರುತ್ತದೋ ಅದಕ್ಕೇ ಬೆಲೆ ಕೊಡಿ, ಚಿತ್ರ ತಡವರಿಸಿದರೆ ವಿಮಾನ ಕೈತಪ್ಪುವುದು ಅಲ್ಲೇ.

ಏನನ್ನೂ ಕೊಳ್ಳುವ ಮೊದಲು ಇನ್ನೊಂದು ಪ್ರಯೋಗ ಮಾಡಿ. ಟೆರೇನ್ ಲೆವೆಲ್ ಆಫ್ ಡೀಟೇಲ್ (ದೂರದ ನೆಲ ಎಷ್ಟು ವಿವರವಾಗಿ ಕಾಣಬೇಕೆಂಬ ಸೆಟ್ಟಿಂಗ್) 200 ಇದ್ದರೆ 100ಕ್ಕೆ ಇಳಿಸಿ. ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ (ಕಾಕ್‌ಪಿಟ್ ಪರದೆಗಳು ಬದಲಾಗುವ ವೇಗ) ಅನ್ನು ಮೀಡಿಯಂ ಮಾಡಿ. ನಿಲ್ದಾಣದ ವಾಹನ, ನಿಂತ ವಿಮಾನಗಳ ಸಂಖ್ಯೆ ಕಡಿಮೆ ಮಾಡಿ. ಇವೆಲ್ಲ ಮೇನ್ ಥ್ರೆಡ್ಡಿನ ಹೊರೆ. ಅಷ್ಟರಲ್ಲೇ ಕೆಲಸ ಆಗಿ, ಖರ್ಚು ಮುಂದೂಡಿದವರು ಕಡಿಮೆಯೇನಿಲ್ಲ.

ಹಂತ 3: ಪ್ರೊಸೆಸರ್

ಈ ಕೆಲಸಕ್ಕೆ ಕೋರ್‌ಗಳ ಸಂಖ್ಯೆಗಿಂತ ಒಂದು ಕೋರ್‌ನ ವೇಗ ಮುಖ್ಯ, ಅದಕ್ಕಿಂತಲೂ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) ಮುಖ್ಯ. ಸಿಮ್ಯುಲೇಟರ್ ಪ್ರತಿ ಫ್ರೇಮ್‌ಗೂ ಚದುರಿಬಿದ್ದ ಸಾವಿರಾರು ಸಣ್ಣ ಮಾಹಿತಿಗಳನ್ನು ಎತ್ತಿಕೊಳ್ಳುತ್ತದೆ. ಅವು ಕ್ಯಾಶ್‌ನಲ್ಲಿ ಸಿಗದಿದ್ದರೆ ರ್‍ಯಾಮ್‌ವರೆಗೆ ಹೋಗಿಬರಬೇಕು; ಆ ಹೊತ್ತಿನಲ್ಲಿ 5 ಗಿಗಾಹರ್ಟ್ಸ್ ಕೋರ್ ಸುಮ್ಮನೆ ಕುಳಿತಿರುತ್ತದೆ. ಎಎಂಡಿಯ ಎಕ್ಸ್3ಡಿ ಚಿಪ್‌ಗಳು ಇಲ್ಲಿ ಗೆಲ್ಲುವುದು ಹೀಗೆ. ರೈಝನ್ 7 7700ಎಕ್ಸ್ 5.4 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಎಲ್3 ಕ್ಯಾಶ್ 32 ಎಂಬಿ. 7800ಎಕ್ಸ್3ಡಿ 5.0ಕ್ಕೇ ನಿಲ್ಲುತ್ತದೆ, ಆದರೆ ಕ್ಯಾಶ್ 96 ಎಂಬಿ. ಸಿಮ್ಯುಲೇಟರ್‌ನಲ್ಲಿ ಮುಂದೆ ಹೋಗುವುದು ಕಡಿಮೆ ವೇಗದ ಎರಡನೆಯದೇ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿ ಅಷ್ಟೇ ಕ್ಯಾಶ್ ಇಟ್ಟುಕೊಂಡು ಗಡಿಯಾರದ ವೇಗವನ್ನೂ 5.2ಕ್ಕೆ ಏರಿಸಿತು.

ಎಎಂಡಿಯ ಹಳೆಯ ಎಎಂ4 ಸಾಕೆಟ್ಟಿನ ಮದರ್‌ಬೋರ್ಡ್ ಇದ್ದವರು ಎಲ್ಲವನ್ನೂ ಬದಲಿಸುವ ಮುನ್ನ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಸಿಗುತ್ತದೆಯೇ ನೋಡಿ. ಡಿಡಿಆರ್4 ರ್‍ಯಾಮ್ ಹಾಗೇ ಉಳಿಯುತ್ತದೆ, ಬದಲಾಗುವುದು ಚಿಪ್ ಒಂದೇ. ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಮರೆತರೆ ಹೊಸ ಚಿಪ್ ಹಾಕಿದ ಮೇಲೆ ಪರದೆಯೇ ಬರುವುದಿಲ್ಲ.

16 ಕೋರ್‌ಗಳ 7950ಎಕ್ಸ್3ಡಿ ಎರಡು ಪಟ್ಟು ಒಳ್ಳೆಯದೆಂದು ಭಾವಿಸಬೇಡಿ. ಅದರ ಎರಡು ಭಾಗಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚುವರಿ ಕ್ಯಾಶ್ ಇದೆ. ಗೇಮ್ ತಪ್ಪಿ ಇನ್ನೊಂದು ಭಾಗಕ್ಕೆ ಹೋದರೆ ಕೊಟ್ಟ ದುಡ್ಡು ವ್ಯರ್ಥ. ವಿಡಿಯೊ ಎಡಿಟಿಂಗ್‌ನಂಥ ಬೇರೆ ಕೆಲಸವಿಲ್ಲದಿದ್ದರೆ 8 ಕೋರ್‌ನದೇ ನೆಮ್ಮದಿ.

ಇಂಟೆಲ್ ಕಡೆಯವರಿಗೆ ಒಂದು ಎಚ್ಚರಿಕೆ. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಚಿಪ್ಪೇ ಕ್ರಮೇಣ ಸವೆಯುವ ದೋಷ ಕಂಡುಬಂದು, 2024ರ ಆಗಸ್ಟ್‌ನಿಂದ ಇಂಟೆಲ್ ಸರಿಪಡಿಸಿದ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸೂಚನೆಗಳು) ಕೊಟ್ಟಿತು. ಅದು ಬಯಾಸ್ ಅಪ್‌ಡೇಟ್ ಮೂಲಕ ಬರುತ್ತದೆ. ಹೊಸ ಚಿಪ್ ಆದರೆ ಮೊದಲ ದಿನವೇ ಹಾಕಿಕೊಳ್ಳಿ. ಆಗಲೇ ಹಾಳಾದ ಚಿಪ್ ಅದರಿಂದ ಸರಿಹೋಗುವುದಿಲ್ಲ, ಆದ್ದರಿಂದ ಈ ಮಾದರಿಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ನಮ್ಮ ಲೆಕ್ಕದಲ್ಲಿ ಜೂಜು.

ಹಂತ 4: ಗ್ರಾಫಿಕ್ಸ್ ಕಾರ್ಡ್

ಕಾರ್ಡಿನ ಮಾದರಿಗಿಂತ ಮೊದಲು ಮಾನಿಟರ್ ನಿರ್ಧಾರವಾಗಬೇಕು. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಕಾರ್ಡಿನ ಕೆಲಸ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಮೇನ್ ಥ್ರೆಡ್ಡಿನ ಕೆಲಸ ಏರುವುದಿಲ್ಲ. 27 ಇಂಚಿನ 1440ಪಿ ಸದ್ಯಕ್ಕೆ ಹದವಾದ ಜಾಗ: ಗೇಜ್‌ಗಳ ಅಂಕಿ ಓದಲು ಸಾಕಷ್ಟು ಸ್ಪಷ್ಟ, ಮಧ್ಯಮ ಕಾರ್ಡಿಗೂ ನಿಭಾಯಿಸಬಲ್ಲ ಹೊರೆ.

ವಿಡಿಯೊ ಮೆಮೊರಿಯಲ್ಲಿ ಜಿಪುಣತನ ಬೇಡ. 1080ಪಿಗೆ 8 ಜಿಬಿ, 1440ಪಿಗೆ 12, 4ಕೆ ಅಥವಾ ವಿಆರ್ ಹೆಡ್‌ಸೆಟ್‌ಗೆ 16 ಎಂದಿಟ್ಟುಕೊಳ್ಳಿ. ಮೆಮೊರಿ ತುಂಬಿದಾಗ ಎಫ್‌ಪಿಎಸ್ ಮೆಲ್ಲಗೆ ಇಳಿಯುವುದಿಲ್ಲ. ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈ ಚಿತ್ರಗಳು) ಮದರ್‌ಬೋರ್ಡಿನ ಪಿಸಿಐಇ ದಾರಿಯಲ್ಲಿ ರ್‍ಯಾಮ್‌ಗೂ ಕಾರ್ಡಿಗೂ ಓಡಾಡಲು ಶುರುಮಾಡಿ, ತಲೆ ತಿರುಗಿಸಿದಾಗೆಲ್ಲ ಚಿತ್ರ ಅರೆಕ್ಷಣ ನಿಂತುಬಿಡುತ್ತದೆ. ಎರಡು ತಾಸು ಚೆನ್ನಾಗಿ ಹಾರಿ, ಇಳಿಯುವ ನಿಲ್ದಾಣ ಹತ್ತಿರವಾದಾಗ ಎಫ್‌ಪಿಎಸ್ ಏಕಾಏಕಿ 8ಕ್ಕೆ ಬಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಟೆಕ್ಸ್ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ಗೊತ್ತಾಗುತ್ತದೆ. ಆರ್‌ಟಿಎಕ್ಸ್ 4060 ಟಿಐ ಥರದ ಕಾರ್ಡ್‌ಗಳು ಒಂದೇ ಹೆಸರಲ್ಲಿ 8 ಮತ್ತು 16 ಜಿಬಿ ಎರಡರಲ್ಲೂ ಬರುತ್ತವೆ. ಬಿಲ್ ಮಾಡಿಸುವಾಗ ಡಬ್ಬಿಯ ಮೇಲಿನ ಅಂಕಿ ಓದಿ.

ಫ್ರೇಮ್ ಜನರೇಶನ್ ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡೇ ಒಂದನ್ನು ಸೇರಿಸುವ ವ್ಯವಸ್ಥೆ. ಮೇನ್ ಥ್ರೆಡ್ ಸೋತ ಕಡೆ ಇದು ನಿಜಕ್ಕೂ ಉಪಯೋಗ, ಏಕೆಂದರೆ ಸೇರಿದ ಫ್ರೇಮ್‌ಗೆ ಪ್ರೊಸೆಸರ್ ಏನೂ ಮಾಡಬೇಕಿಲ್ಲ. ಎನ್ವಿಡಿಯಾದಲ್ಲಿ ಇದಕ್ಕೆ ಆರ್‌ಟಿಎಕ್ಸ್ 40 ಸರಣಿ ಅಥವಾ ನಂತರದ್ದು ಬೇಕು. ಎಎಂಡಿಯ ಇಂಥದೇ ವ್ಯವಸ್ಥೆ ಎಫ್‌ಎಸ್‌ಆರ್ 3 ಹೆಚ್ಚು ಬಗೆಯ ಕಾರ್ಡ್‌ಗಳಲ್ಲಿ ನಡೆಯುತ್ತದೆ. ಆದರೆ ನಿಜವಾದ ಫ್ರೇಮ್ 20 ಇದ್ದರೆ ಪರದೆ 40 ತೋರಿಸಿದರೂ ಜಾಯ್‌ಸ್ಟಿಕ್‌ಗೆ ವಿಮಾನ ಸ್ಪಂದಿಸುವುದು 20ರ ಲೆಕ್ಕದಲ್ಲೇ. ಕೆಳಗೆ 30-35 ಗಟ್ಟಿಯಾಗಿದ್ದಾಗ ಮಾತ್ರ ಅದನ್ನು ನಂಬಿ. ಚಿಕ್ಕ ಚಿತ್ರ ಬರೆದು ಅದನ್ನು ದೊಡ್ಡದು ಮಾಡುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್‌ಗೆ ತೆರಬೇಕಾದ ಬೆಲೆ ಬೇರೆ: ಎತ್ತರ ಬದಲಾಗುವಾಗ ಆಲ್ಟಿಮೀಟರ್ ಅಂಕಿಗಳು ಹಿಂದೆ ನೆರಳು ಬಿಡುತ್ತವೆ.

ಎಕ್ಸ್-ಪ್ಲೇನ್ 12ಕ್ಕೆ ಎಎಂಡಿ ಕಾರ್ಡ್ ಕೊಂಡು, ಆಡ್‌ಆನ್ ಪರದೆಗಳು ಮಿನುಗುತ್ತಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಜಿಂಕ್ ಡ್ರೈವರ್ ಬಳಸುವ ಆಯ್ಕೆ ಹಾಕಿ ನೋಡಿ.

ಹಂತ 5: ರ್‍ಯಾಮ್ ಕೊಳ್ಳುವುದಷ್ಟೇ ಅಲ್ಲ, ಎಬ್ಬಿಸಲೂ ಬೇಕು

32 ಜಿಬಿ, ಅದೂ 16ರ ಎರಡು ಕಡ್ಡಿ. ಆಡ್‌ಆನ್ ವಿಮಾನ, ಆಡ್‌ಆನ್ ನಿಲ್ದಾಣ, ನಕ್ಷೆ, ಬ್ರೌಸರ್ ಎಲ್ಲ ಒಟ್ಟಿಗೆ ತೆರೆದಿಡುವವರು 32ರ ಎರಡು ಕಡ್ಡಿ ಹಾಕಿ 64 ಮಾಡಿಕೊಳ್ಳಲಿ. ನಾಲ್ಕು ಕಡ್ಡಿ ಬೇಡ: ರೈಝನ್ 7000 ಸರಣಿಯಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ಎಎಂಡಿ ಖಾತರಿ ಕೊಡುವ ವೇಗ ಬರೀ ಡಿಡಿಆರ್5-3600. ಎರಡೇ ಇದ್ದರೆ ಡಿಡಿಆರ್5-6000, ಸಿಎಲ್30 (ಮೆಮೊರಿ ತಡಮಾಡುವ ಅಳತೆ) ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ.

ಡಬ್ಬಿಯ ಮೇಲೆ 6000 ಎಂದಿದ್ದರೂ ಮದರ್‌ಬೋರ್ಡ್ ತಾನಾಗಿ ಆ ವೇಗಕ್ಕೆ ಹೋಗುವುದಿಲ್ಲ. 4800ರಲ್ಲೇ ತಿಂಗಳುಗಟ್ಟಲೆ ಓಡುತ್ತಿರುತ್ತದೆ. ಮಾಡಬೇಕಾದ್ದು ಇಷ್ಟು. ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ, ಕ್ಲಿಕ್ ಎನ್ನುವವರೆಗೆ ಒತ್ತಿ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗಿ, ಎಎಂಡಿ ಆದರೆ ಎಕ್ಸ್‌ಪೋ, ಇಂಟೆಲ್ ಆದರೆ ಎಕ್ಸ್‌ಎಂಪಿ ಆನ್ ಮಾಡಿ ಉಳಿಸಿ. ಎಎಂಡಿಯ ಹೊಸ ಎಎಂ5 ಬೋರ್ಡ್‌ಗಳಲ್ಲಿ ಇದಾದ ಮೇಲೆ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಅದು ಮೆಮೊರಿಯನ್ನು ಹೊಂದಿಸಿಕೊಳ್ಳುವ ಹೊತ್ತು. ಹೆದರಿ ಪವರ್ ಸ್ವಿಚ್ ಆಫ್ ಮಾಡಬೇಡಿ. ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ 6000 ಎಂದು ಕಾಣಬೇಕು.

ವೇಗಕ್ಕೆ ಒಳ್ಳೆಯದೆಂದು ಯಾರೋ ಹೇಳಿದ ಮಾತು ಕೇಳಿ ಪೇಜ್ ಫೈಲ್ (ಮೆಮೊರಿಗೆ ನೆರವಾಗಲು ವಿಂಡೋಸ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಜಾಗ) ಆಫ್ ಮಾಡಿಟ್ಟಿದ್ದರೆ ಮತ್ತೆ ಆನ್ ಮಾಡಿ, ವಿಂಡೋಸ್ ತಾನೇ ನೋಡಿಕೊಳ್ಳಲಿ. ರ್‍ಯಾಮ್ ಖಾಲಿ ಇದೆ ಎಂದು ತೋರಿಸುತ್ತಿದ್ದರೂ ಗೇಮ್ ಸದ್ದಿಲ್ಲದೆ ಮುಚ್ಚಿಕೊಳ್ಳಲು ಇದೂ ಒಂದು ಕಾರಣ.

ಡಿಸ್ಕ್, ನೆಟ್, ಪವರ್ ಸಪ್ಲೈ

ಡಿಸ್ಕ್ ವಿಷಯ ಚುಟುಕಾಗಿ ಮುಗಿಯುತ್ತದೆ: ಎನ್‌ವಿಎಂಇ ಎಸ್‌ಎಸ್‌ಡಿ, 1 ಟಿಬಿಗೆ ಕಡಿಮೆ ಬೇಡ, 2 ಇದ್ದರೆ ಚೆಂದ. ಅದರ ಜೆನ್3 ಮತ್ತು ಜೆನ್4 ತಲೆಮಾರುಗಳ ನಡುವಿನ ವ್ಯತ್ಯಾಸ ಹಾರಾಟದಲ್ಲಿ ಕಾಣುವುದಿಲ್ಲ. ಉಳಿದ ಹಣ ಪ್ರೊಸೆಸರ್‌ಗೆ ಹೋಗಲಿ. 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್ 150 ಜಿಬಿ ಜಾಗ ಕೇಳುತ್ತಿತ್ತು. 2024ರದು 50 ಕೇಳುತ್ತದೆ, ಏಕೆಂದರೆ ವಿಮಾನ, ದೃಶ್ಯ ಬಹುಪಾಲು ಹಾರುವಾಗಲೇ ನೆಟ್‌ನಿಂದ ಬರುತ್ತವೆ. ಅದಕ್ಕೆ ಕನಿಷ್ಠ 10 ಎಂಬಿಪಿಎಸ್, ಶಿಫಾರಸು 50. ವೈಫೈ ಕೈಕೊಟ್ಟಾಗ ಕಟ್ಟಡಗಳು ಕರಗಿದ ಮೇಣದಂತೆ ಕಂಡರೆ ಕಾರ್ಡನ್ನು ಬೈಯಬೇಡಿ, ಈಥರ್ನೆಟ್ ಕೇಬಲ್ ಎಳೆಯಿರಿ.

ಹಾರಾಟ ಐದಾರು ತಾಸು ನಡೆಯುತ್ತದೆ, ಪವರ್ ಸಪ್ಲೈ ಮತ್ತು ಕೂಲಿಂಗ್‌ಗೆ ಅಷ್ಟು ಹೊತ್ತೂ ಬಿಡುವಿಲ್ಲ. ಆರ್‌ಟಿಎಕ್ಸ್ 4070ಗೆ ಎನ್ವಿಡಿಯಾ ಹೇಳುವುದು 650 ವ್ಯಾಟ್, 4080ಗೆ 750. ಗುಣಮಟ್ಟದ ಘಟಕವಾದರೆ ಅಷ್ಟೇ ಸಾಕು. 16 ಪಿನ್‌ನ ಕನೆಕ್ಟರ್ ಇರುವ ಕಾರ್ಡ್‌ಗಳಲ್ಲಿ ಪ್ಲಗ್ ಪೂರ್ತಿ ಒಳಗೆ ಹೋಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಬುಡದಲ್ಲೇ ವೈರ್ ಬಗ್ಗಿಸಬೇಡಿ. ಅರ್ಧ ಕೂತ ಪ್ಲಗ್ ಬಿಸಿಯಾಗಿ ಕರಗುತ್ತದೆ. ಎಕ್ಸ್3ಡಿ ಚಿಪ್‌ಗಳಿಗೆ ದೊಡ್ಡ ವಾಟರ್ ಕೂಲರ್ ಬೇಕಿಲ್ಲ, ಒಳ್ಳೆಯ ಟವರ್ ಕೂಲರ್ ಧಾರಾಳ.

ಲ್ಯಾಪ್‌ಟಾಪ್ ಆದರೆ ಕಾರ್ಡಿನ ಹೆಸರಷ್ಟೇ ನೋಡಬೇಡಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಕಂಪನಿಯ ಹೊಂದಿಕೆಯ ಮೇಲೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಾದರೂ ಓಡಬಹುದು. ವ್ಯಾಟ್ ಎಷ್ಟೆಂದು ಕೇಳಿ, ರ್‍ಯಾಮ್ ಒಂದೇ ಕಡ್ಡಿಯೋ ಎರಡೋ ಎಂದೂ ಕೇಳಿ. ಒಂದೇ ಇದ್ದರೆ ಮೆಮೊರಿಯ ದಾರಿ ಅರ್ಧ ಮುಚ್ಚಿದ ಹಾಗೆ.

ಮಾನಿಟರ್ ಮತ್ತು ವಿಆರ್

ಸಿಮ್ಯುಲೇಟರ್‌ನಲ್ಲಿ ಎಫ್‌ಪಿಎಸ್ 30 ಮತ್ತು 60ರ ನಡುವೆ ಏರಿಳಿಯುತ್ತಲೇ ಇರುತ್ತದೆ. ಆದ್ದರಿಂದ ಎಫ್‌ಪಿಎಸ್‌ಗೆ ತಕ್ಕಂತೆ ರಿಫ್ರೆಶ್ ವೇಗ ಹೊಂದಿಸಿಕೊಳ್ಳುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಇರುವ ಮಾನಿಟರ್ ಕೊಳ್ಳಿ. ಎಷ್ಟೋ ಮಾದರಿಗಳಲ್ಲಿ ಈ ಹೊಂದಾಣಿಕೆ 48 ಹರ್ಟ್ಸ್‌ನಿಂದ ಶುರುವಾಗುತ್ತದೆ. ಗರಿಷ್ಠ ರಿಫ್ರೆಶ್ 120 ಅಥವಾ ಅದಕ್ಕಿಂತ ಹೆಚ್ಚಿದ್ದರೆ, 48ಕ್ಕಿಂತ ಇಳಿದಾಗ ಅದೇ ಫ್ರೇಮನ್ನು ಎರಡು ಸಲ ತೋರಿಸಿ ಹೊಂದಿಸಿಕೊಳ್ಳುತ್ತದೆ. 75 ಹರ್ಟ್ಸ್ ಮಾನಿಟರ್‌ಗೆ ಆ ಅವಕಾಶವಿಲ್ಲ. ಹಾರಾಟಕ್ಕೆ 144 ಹರ್ಟ್ಸ್ ಏಕೆ ಎಂದು ಕೇಳುವವರಿಗೆ ಉತ್ತರ ಇದೇ.

ವಿಆರ್ ಎಂದರೆ ಪೂರ್ತಿ ಬೇರೆ ಹೊರೆ. ಮೆಟಾ ಕ್ವೆಸ್ಟ್ 3ರಲ್ಲಿ ಕಣ್ಣೊಂದಕ್ಕೆ 2064×2208 ಪಿಕ್ಸೆಲ್. ಎರಡೂ ಸೇರಿ 4ಕೆ ಪರದೆಯನ್ನು ಮೀರುತ್ತದೆ, ಲೆನ್ಸಿನ ವಕ್ರತೆ ಸರಿಪಡಿಸಲು ಅದಕ್ಕಿಂತಲೂ ದೊಡ್ಡ ಚಿತ್ರ ಬರೆಯಬೇಕು. ಅಗ್ಗಕ್ಕೆ ಸಿಗುವ ಹಳೆಯ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಹೆಡ್‌ಸೆಟ್‌ಗಳ ಮುಂದೆ ಹುಷಾರಾಗಿರಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಆ ಬೆಂಬಲವನ್ನೇ ತೆಗೆದುಹಾಕಿದೆ. ತಲೆ ತಿರುಗಿಸಿ ಸುತ್ತ ನೋಡುವ ಆಸೆಯಷ್ಟೇ ಇದ್ದರೆ ಸಾಮಾನ್ಯ ವೆಬ್‌ಕ್ಯಾಮ್ ಮತ್ತು ಉಚಿತವಾದ ಓಪನ್‌ಟ್ರ್ಯಾಕ್ ತಂತ್ರಾಂಶ ಸಾಕು.

ಕೈಗೆ, ಕಾಲಿಗೆ

ಬಜೆಟ್ ಬಿಗಿಯಿದ್ದಾಗ ಎಲ್ಲರೂ ಮೊದಲು ಕತ್ತರಿಸುವುದು ಇದನ್ನೇ. ನಮ್ಮ ಅಭಿಪ್ರಾಯ ಉಲ್ಟಾ: ಅಲ್ಟ್ರಾ ಸೆಟ್ಟಿಂಗ್ ಮತ್ತು ಕೀಬೋರ್ಡ್‌ಗಿಂತ ಮೀಡಿಯಂ ಸೆಟ್ಟಿಂಗ್ ಮತ್ತು ಒಳ್ಳೆಯ ಜಾಯ್‌ಸ್ಟಿಕ್ ಮೇಲು.

ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಸೆನ್ಸರ್ ಯಾವುದೆಂದು. ಪೊಟೆನ್ಶಿಯೋಮೀಟರ್‌ನಲ್ಲಿ ಲೋಹ ಕಾರ್ಬನ್ ಮೇಲೆ ಉಜ್ಜುತ್ತದೆ. ಸವೆದಾಗ, ಧೂಳು ಕೂತಾಗ, ಹಿಡಿ ಬಿಟ್ಟರೂ ವಿಮಾನ ನಡುಗುತ್ತದೆ. ಹಾಲ್ ಸೆನ್ಸರ್‌ನಲ್ಲಿ ಕೆಲಸ ಅಯಸ್ಕಾಂತದ್ದು, ಉಜ್ಜಾಟವಿಲ್ಲ. ಥ್ರಸ್ಟ್‌ಮಾಸ್ಟರ್ ಟಿ16000ಎಂ ಕಡಿಮೆ ಬೆಲೆಯಲ್ಲಿ ಹಾಲ್ ಸೆನ್ಸರ್ ಕೊಡುತ್ತದೆ, ಆದರೆ ಹಿಡಿಯ ಎರಡು ಮುಖ್ಯ ಅಕ್ಷಗಳಿಗೆ ಮಾತ್ರ. ರಡರ್‌ಗಾಗಿ (ವಿಮಾನದ ಮೂಗನ್ನು ಎಡಬಲ ತಿರುಗಿಸಲು) ಹಿಡಿ ತಿರುಗಿಸುವ ಅಕ್ಷ ಹಳೆಯ ಪದ್ಧತಿಯದೇ, ಮೊದಲು ಸವೆಯುವುದೂ ಅದೇ. ಯೋಕ್ (ಸ್ಟೀರಿಂಗ್‌ನಂಥ ಹಿಡಿ) ಬೇಕೆಂದರೆ ಎಷ್ಟು ಡಿಗ್ರಿ ತಿರುಗುತ್ತದೆ ನೋಡಿ. ಲಾಜಿಟೆಕ್ ಯೋಕ್ ಒಟ್ಟು 90 ಡಿಗ್ರಿ ತಿರುಗುತ್ತದೆ, ಹನಿಕೋಂಬ್ ಆಲ್ಫಾ 180. ತಿರುವು ಚಿಕ್ಕದಾದಷ್ಟೂ ರನ್‌ವೇ ಮುಂದೆ ಸಣ್ಣ ತಿದ್ದುಪಡಿ ಕಷ್ಟ. ಏರ್‌ಬಸ್ ಅಥವಾ ಯುದ್ಧವಿಮಾನ ಹಾರಿಸುವವರಿಗೆ ಯೋಕ್ ಯಾಕೂ ಬೇಡ.

ಜಾಯ್‌ಸ್ಟಿಕ್, ಥ್ರಾಟಲ್, ಪೆಡಲ್ ಮೂರನ್ನೂ ಕರೆಂಟ್ ಅಡಾಪ್ಟರ್ ಇಲ್ಲದ ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸಬೇಡಿ. ನೇರ ಮದರ್‌ಬೋರ್ಡಿಗೆ, ಇಲ್ಲವೇ ಅಡಾಪ್ಟರ್ ಇರುವ ಹಬ್‌ಗೆ ಹಾಕಿ. ನಡುದಾರಿಯಲ್ಲಿ ಥ್ರಾಟಲ್ ಸತ್ತಂತಾಗಿ, ಕಿತ್ತು ಮತ್ತೆ ಸಿಕ್ಕಿಸಿದರೆ ಜೀವ ಬರುತ್ತಿದ್ದರೆ ಕಾರಣ ಹೆಚ್ಚಾಗಿ ವಿಂಡೋಸ್‌ನ ವಿದ್ಯುತ್ ಉಳಿತಾಯ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದು ಎನ್ನುವ ಟಿಕ್ ತೆಗೆಯಿರಿ. ಪವರ್ ಪ್ಲಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕೂಡ ಡಿಸೇಬಲ್ ಮಾಡಿ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದಾಗೆಲ್ಲ ಈ ಎರಡನ್ನೂ ಮತ್ತೊಮ್ಮೆ ತೆರೆದು ನೋಡಿ, ಟಿಕ್ ವಾಪಸ್ ಬಂದಿರಬಹುದು.